ಮೂಲೆ ಕೊಟ್ಟವರು

ಕೊನೆಯ ಚೆಂಡು ಎದುರಾಳಿಗಳ ಅಂಕಣದೊಳಗೆ ಬಿದ್ದದ್ದೇ ತಡ, ನೆಟ್ಟಕ್ಕ ಮೈಕಿನ ಸಮೇತ ಕುರ್ಚಿಯ ಮೇಲೆ ಹತ್ತಿ ನಿಂತಳು. ಬೀದಿಯ ಹುಡುಗಿಯರ ವಾಲಿಬಾಲ್ ತಂಡ ಗೆದ್ದಿತ್ತು. ಹುಟ್ಟಿದ ಲಾಗಾಯ್ತು ಸೋಲುವುದನ್ನೇ ಕಸುಬು ಮಾಡಿಕೊಂಡಿದ್ದ ತಂಡ ಅದು. ಅವರ ಅಂಗಿಗಳನ್ನು ಹೊಲಿಸಿಕೊಟ್ಟವಳು ನೆಟ್ಟಕ್ಕ. ಬೆನ್ನ ಮೇಲೆ ಅವಳ ಇಂಟರ್‌ನೆಟ್ ಅಂಗಡಿಯ ಹೆಸರಿದ್ದದ್ದರಿಂದ, ಸೋತಾಗಲೆಲ್ಲ ಎದುರಿನವರು ‘ಸಿಗ್ನಲ್ ಹೋಯ್ತು’ ಎಂದು ಆಡಿಕೊಳ್ಳುತ್ತಿದ್ದರು. ಇವತ್ತು ಆಡಿಕೊಳ್ಳುವವರ ಬಾಯಿಗೆ ಬೀಗ ಬಿದ್ದಿತ್ತು.

ಆಟವನ್ನು ಫೋನಿನಲ್ಲಿ ನೇರಪ್ರಸಾರ ಮಾಡುತ್ತಿದ್ದವನು ಅವಳ ಮೈದುನ. ಅಂಗಡಿ ಬಿಟ್ಟು ಬರಲಾಗದವರು, ಕಾಲು ಸ್ವಾಧೀನವಿಲ್ಲದವರು, ಹಸುಗೂಸಿನ ತಾಯಂದಿರು ಎಲ್ಲರೂ ಮನೆಯಲ್ಲೇ ಕೂತು ನೋಡುತ್ತಿದ್ದರು. ಆಟ ಮುಗಿದ ಮೇಲೆ ನೆಟ್ಟಕ್ಕ ಮೂಲೆ ಕೊಟ್ಟವರನ್ನೆಲ್ಲ ನೆನೆಯುವುದು ಪ್ರತಿ ವರ್ಷದ ಪದ್ಧತಿ.

ಮೂಲೆ ಕೊಟ್ಟವರು ಎಂದರೆ ಯಾರೆಂದು ಹೇಳಬೇಕು. ನೆಟ್ಟಕ್ಕನ ವೈರು ನೆಲದಡಿಯಲ್ಲಿ ಹೋಗುವುದಿಲ್ಲ, ಕಂಬದ ಮೇಲೂ ಹೋಗುವುದಿಲ್ಲ. ಅದಕ್ಕೆಲ್ಲ ದೊಡ್ಡ ಕಂಪನಿಯವರೇ ಆಗಬೇಕು. ಅವಳದು ತಾರಸಿಯಿಂದ ತಾರಸಿಗೆ ಹಾರುವ ವೈರು. ಕೆಲವು ಮನೆಗಳ ತಾರಸಿಯ ಮೂಲೆಯಲ್ಲಿ ಅವಳದೊಂದು ತಗಡಿನ ಪೆಟ್ಟಿಗೆ ಇರುತ್ತದೆ; ಅದಕ್ಕೆ ಕರೆಂಟು ಆ ಮನೆಯವರದು. ಅವರು ಸ್ವಿಚ್ ಆರಿಸಿದರೆ ಮುಂದಿನ ಮನೆಗಳಿಗೆಲ್ಲ ನೆಟ್ ಬಂದ್. ಹೀಗೆ ಊರಿಗೆ ಊರೇ ಒಬ್ಬರ ದಾಕ್ಷಿಣ್ಯದ ಮೇಲೆ ಇನ್ನೊಬ್ಬರು ನಿಂತಿದ್ದರು, ಆದರೆ ಯಾರು ಯಾರ ಮೇಲೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗಬಾರದು ಎಂಬುದೇ ನೆಟ್ಟಕ್ಕನ ಕಸುಬಿನ ಮೊದಲ ನಿಯಮ. ‘ನಮ್ಮ ಮನೆಯಿಂದ ತಾನೆ ನಿಮಗೆ ಬರೋದು’ ಎಂಬ ಒಂದು ಮಾತು ಸಾಕು, ನೆಟ್ಟಗಿರುವ ನೆರೆಹೊರೆ ಹಲ್ಲು ಮಸೆಯುವುದಕ್ಕೆ. ಆದ್ದರಿಂದ ಪ್ರತಿ ವರ್ಷ ಅವಳು ಬೇಕೆಂದೇ ಆ ತುದಿಯವರೊಬ್ಬರು, ಈ ತುದಿಯವರೊಬ್ಬರು ಎಂದು ಕಲಸಿ ಹೇಳುತ್ತಿದ್ದಳು.

ಇವತ್ತು ಖುಷಿ ನೆತ್ತಿಗೇರಿತ್ತು. ನೆನಪಿಸಿಕೊಳ್ಳಲು ಕಣ್ಣು ಮುಚ್ಚಿದಳು. ಕಣ್ಣು ಮುಚ್ಚಿದರೆ ಅವಳಿಗೆ ಕಾಣುವುದು ವೈರು ಒಂದೇ. ಅದು ಹೋದ ದಾರಿಯಲ್ಲೇ ಅವಳ ನಾಲಿಗೆಯೂ ಹೋಯಿತು.

"ಹಾಲಿನ ಅಂಗಡಿಯವರು, ಅಲ್ಲಿಂದ ಟೈಪಿಂಗ್ ಮೇಷ್ಟ್ರು, ಅಲ್ಲಿಂದ ನರ್ಸಮ್ಮ, ಅಲ್ಲಿಂದ ಟೈಲರಮ್ಮ, ಅಲ್ಲಿಂದ ನಮ್ಮ ವಾಚನಾಲಯ..."

ಫೋನಿನ ಹಿಂದೆ ನಿಂತಿದ್ದ ಮೈದುನ ನಾಲಿಗೆ ಕಚ್ಚಿಕೊಂಡ. ನೆಟ್ಟಕ್ಕ ಕಣ್ಣು ಬಿಟ್ಟು ಅವನ ಮುಖ ನೋಡಿದಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಂಡದ ನಾಯಕಿಯ ಕೈಗೆ ಮೈಕು ತುರುಕಿ ಅವಳು ಮೈದಾನದಿಂದ ಹೊರಗೆ ಓಡಿದಳು.

ನರ್ಸಮ್ಮ ಬೇರೆ ಯಾರೂ ಅಲ್ಲ, ಟೈಲರಮ್ಮನ ಒಡಹುಟ್ಟಿದ ತಂಗಿ. ಇಬ್ಬರ ಮನೆಗಳೂ ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ, ಮನೆಯವರ ಹಾಗೆಯೇ. ಬಾಗಿಲುಗಳು ಬೇರೆ ಬೇರೆ ಬೀದಿಗೆ. ತಾರಸಿಯಲ್ಲಿ ನಡುವೆ ಆಳೆತ್ತರದ ಗೋಡೆ. ತಾಯಿ ಹಾಸಿಗೆ ಹಿಡಿದಾಗ ತಂಗಿ ಆಸ್ಪತ್ರೆಗೆ ಸೇರಿಸೋಣ ಎಂದಿದ್ದಳು, ಅಕ್ಕ ಮನೆಯಲ್ಲೇ ಇರಲಿ ಎಂದಿದ್ದಳು. ಕೊನೆಗೆ ತಂಗಿಯ ಮಾತೇ ನಡೆದು, ತಾಯಿ ಆಸ್ಪತ್ರೆಯಲ್ಲೇ ತೀರಿಕೊಂಡಳು. ಆ ದಿನ ನೆರೆದವರ ಮುಂದೆ ಟೈಲರಮ್ಮ, ಊರವರನ್ನೆಲ್ಲ ನೋಡಿಕೊಳ್ಳೋ ನರ್ಸು ಹೆತ್ತವಳನ್ನ ಉಳಿಸಿಕೊಳ್ಳಲಿಲ್ಲ ಎಂದುಬಿಟ್ಟಳು. ಅದು ಆಡಬಾರದ ಮಾತು. ಕೇಳಿದವಳು ಅದನ್ನು ಮರೆಯಲಿಲ್ಲ. ಆಡಿದವಳಿಗಂತೂ ಮರೆಯಲು ಆಗಲೇ ಇಲ್ಲ. ಕ್ಷಮೆ ಕೇಳುವುದಕ್ಕಿಂತ ಸಿಟ್ಟು ಮುಂದುವರಿಸುವುದು ಸುಲಭ. ಟೈಲರಮ್ಮ ಸುಲಭದ ದಾರಿ ಹಿಡಿದಳು. ಆ ಮನೆಯ ನೀರನ್ನೂ ಮುಟ್ಟುವುದಿಲ್ಲ ಎಂದು ಆಣೆ ಇಟ್ಟಳು.

ಆಮೇಲೆ ಅವಳ ಗಂಡನಿಗೆ ಲಕ್ವ ಹೊಡೆಯಿತು. ಬಸ್ಸಿನ ಡ್ರೈವರು, ಹಾರ್ನಿಗಿಂತ ಅವನ ಗಂಟಲೇ ಜೋರು ಎಂದು ಹೆಸರಾಗಿದ್ದವನು. ಬಲಗೈ ಹೋಯಿತು, ಅದರ ಜೊತೆ ಮಾತೂ ಹೋಯಿತು. ಎಲ್ಲೋ ದೂರದ ನಗರದಲ್ಲಿ ಕೂತ ಮೇಡಂ ಒಬ್ಬರು ದಿನವೂ ಬೆಳಿಗ್ಗೆ ಹತ್ತಕ್ಕೆ ಫೋನಿನ ಪರದೆಯ ಮೇಲೆ ಬಂದು ಅವನಿಗೆ ಮಗುವಿಗೆ ಕಲಿಸಿದಂತೆ ಮಾತು ಕಲಿಸುತ್ತಿದ್ದರು. ಬಿಟ್ಟು ಬಿಟ್ಟು ಕಲಿತರೆ ಬರುವುದಿಲ್ಲ, ಒಂದು ದಿನವೂ ತಪ್ಪಿಸಬೇಡಿ ಎಂದು ಅವರು ಮೊದಲೇ ಹೇಳಿದ್ದರು. ಇಷ್ಟು ಕಾಲದಲ್ಲಿ ಬಂದದ್ದು ನೀರು, ಬಾ, ಹೂಂ. ಅಷ್ಟೇ ಆದರೂ ಆ ಮನೆಗೆ ಅದು ಕಡಿಮೆಯದ್ದಲ್ಲ.

ಆ ಪಾಠಕ್ಕೆಂದು ಟೈಲರಮ್ಮನ ಮನೆಗೆ ವೈರು ಎಳೆಯಬೇಕಾದಾಗ ಸಿಕ್ಕ ದಾರಿ ಒಂದೇ, ನರ್ಸಮ್ಮನ ತಾರಸಿ. ಟೈಲರಮ್ಮನ ಎದುರುಮನೆಯ ಪಾರಿವಾಳದ ತಾತ ತನ್ನ ತಾರಸಿಗೆ ಕಾಗೆಯನ್ನೂ ಬಿಡುವವನಲ್ಲ. ನೆಟ್ಟಕ್ಕ ಅಳುಕುತ್ತಲೇ ನರ್ಸಮ್ಮನ ಬಾಗಿಲು ತಟ್ಟಿದ್ದಳು. ನರ್ಸಮ್ಮ ಮಾತು ಮುಗಿಸಲೂ ಬಿಡದೆ ಒಪ್ಪಿ, ಒಂದೇ ಷರತ್ತು ಹಾಕಿದಳು: ಅಕ್ಕನಿಗೆ ತಿಳಿಯಕೂಡದು, ತಿಳಿದರೆ ಬೇಡ ಎನ್ನುತ್ತಾಳೆ, ಭಾವನ ಪಾಠ ನಿಲ್ಲುತ್ತದೆ. ಗೋಡೆಯ ಬುಡದಲ್ಲಿ, ನೀರಿನ ಟ್ಯಾಂಕಿನ ಮರೆಯಲ್ಲಿದ್ದ ಕಿಂಡಿಯಿಂದ ವೈರು ಈಚೆಗೆ ನುಸುಳಿತು. ಮಂಡಿನೋವಿನ ಟೈಲರಮ್ಮ ತಾರಸಿಗೆ ಬರುವುದೇ ಅಪರೂಪ, ಬಂದರೂ ಟ್ಯಾಂಕಿನ ಹಿಂದೆ ಬಗ್ಗಿ ನೋಡುವ ಕೆಲಸ ಅವಳಿಗೇನಿದೆ?

ಇವತ್ತು ಅವಳು ಬಗ್ಗಿ ನೋಡಿದ್ದಳು. ತಾನು ಹೊಲಿದ ಅಂಗಿಗಳು ಮೈದಾನದಲ್ಲಿ ಹೇಗೆ ಕಾಣುತ್ತವೆ ಎಂದು ಗಂಡನ ಪಕ್ಕ ಕೂತು ಆಟ ನೋಡುತ್ತಿದ್ದವಳಿಗೆ ‘ಅಲ್ಲಿಂದ’ ಎಂಬ ಮಾತು ಸೂಜಿ ಚುಚ್ಚಿದ ಹಾಗೆ ಚುಚ್ಚಿತ್ತು. ನೆಟ್ಟಕ್ಕ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದಾಗ ಅವಳು ಟ್ಯಾಂಕಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಎಡಗೈಯಲ್ಲಿ ವೈರು, ಬಲಗೈಯಲ್ಲಿ ಬಟ್ಟೆಯ ದೊಡ್ಡ ಕತ್ತರಿ.

"ಯಾವಾಗಿಂದ?" ಎಂದಳು, ತಿರುಗಿ ನೋಡದೆ.

"ಮೊದಲಿಂದಾನೂ ಅಕ್ಕಾ."

"ನನ್ನ ಆಣೆ ನಿನಗೆ ಗೊತ್ತಿತ್ತು."

"ಗೊತ್ತಿತ್ತು. ಗೊತ್ತಿದ್ದೇ ಹೇಳಲಿಲ್ಲ."

ಸುಳ್ಳು ಹೇಳಿದ್ದರೆ ಟೈಲರಮ್ಮನಿಗೆ ಬೈಯಲಾದರೂ ಒಂದು ದಾರಿ ಸಿಗುತ್ತಿತ್ತು. ಅವಳು ಕತ್ತರಿಯನ್ನು ಅಗಲಿಸಿದಳು. ಆಗ ಕೆಳಗಿನಿಂದ, ಮೆಟ್ಟಿಲ ಬುಡದಿಂದ, ಒಂದು ದನಿ ಬಂತು. "ಬೇ" ಎಂದಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಭಾರವಾದುದನ್ನು ಎತ್ತಿ ಇಟ್ಟಂತೆ, "ಡ".

ಡ್ರೈವರು ಗೋಡೆ ಹಿಡಿದುಕೊಂಡು ಮೆಟ್ಟಿಲವರೆಗೆ ಬಂದಿದ್ದ. ನೀರು, ಬಾ, ಹೂಂ ಪಾಠದವು. ಇದನ್ನು ಯಾರೂ ಕಲಿಸಿರಲಿಲ್ಲ. ಟೈಲರಮ್ಮನ ಕಣ್ಣು ತುಂಬಿತು. ತುಂಬಿದ್ದಕ್ಕೆ ಇನ್ನಷ್ಟು ಸಿಟ್ಟು ಬಂತು. ಕತ್ತರಿಯನ್ನು ಮಡಿಲಿಗೆ ಹಾಕಿಕೊಂಡಳು.

"ನಾಳೆ ಹತ್ತು ಗಂಟೆಯೊಳಗೆ ಬೇರೆ ಕಡೆಯಿಂದ ತಾ. ಇಲ್ಲಾಂದ್ರೆ ನನಗೆ ನೆಟ್ಟೂ ಬೇಡ, ಪಾಠಾನೂ ಬೇಡ. ಅವಳ ಋಣದಲ್ಲಿ ನನ್ನ ಗಂಡ ಮಾತು ಕಲಿಯೋದು ಬೇಡ."

ಹೇಳಿದ್ದನ್ನು ಮಾಡುವ ಹೆಂಗಸು ಅವಳು. ಬೇರೆಯವರು ತೆಗೆದ ಅಳತೆಗೆ ಅವಳು ಬಟ್ಟೆ ಕತ್ತರಿಸುವುದಿಲ್ಲ. ಎಂಥ ಗಿರಾಕಿಯಾದರೂ ಎದುರಿಗೆ ನಿಲ್ಲಬೇಕು, ಇಲ್ಲವೇ ತಾನೇ ಟೇಪು ಹಿಡಿದು ಹೋಗಬೇಕು. ಆ ಹಟಕ್ಕೆ ಎಷ್ಟೋ ಗಿರಾಕಿಗಳು ಬಿಟ್ಟು ಹೋಗಿದ್ದರು, ಅವಳು ಜಗ್ಗಿರಲಿಲ್ಲ. ನೆಟ್ಟಕ್ಕ ವಾದ ಮಾಡಲಿಲ್ಲ. "ಆಯ್ತು" ಎಂದಳು. ದೊಡ್ಡ ಕಂಪನಿಗೆ ಫೋನು ಮಾಡಿದರೆ ಮಾತಾಡುವುದು ಯಂತ್ರ, ಒಂದು ಒತ್ತಿ ಎರಡು ಒತ್ತಿ ಎನ್ನುತ್ತ ಸಂಜೆ ಮಾಡುತ್ತದೆ. ನಮ್ಮ ನೆಟ್ಟಕ್ಕ ಬೈದುಕೊಂಡಾದರೂ ಬರುತ್ತಾಳೆ ಎಂದು ಊರಿನವರು ಹೇಳುವುದು ಸುಮ್ಮನೆ ಅಲ್ಲ.

ಮೊದಲು ಅವಳು ಹೋದದ್ದು ನರ್ಸಮ್ಮನ ಮನೆಗೆ. ಕೊಟ್ಟ ಮಾತು ಮುರಿದವಳು ತಾನು, ಬೇರೆಯವರ ಬಾಯಿಂದ ಅದು ತಿಳಿಯಬಾರದು. ನರ್ಸಮ್ಮ ರಾತ್ರಿ ಪಾಳಿಗೆ ಹೊರಟು ಕನ್ನಡಿಯ ಮುಂದೆ ಜಡೆ ಸುತ್ತುತ್ತಿದ್ದಳು. ನೆಟ್ಟಕ್ಕ ನಿಂತಲ್ಲೇ ಎಲ್ಲವನ್ನೂ ಒಪ್ಪಿಸಿದಳು. ಪಿನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡೇ ಕೇಳಿಸಿಕೊಂಡ ನರ್ಸಮ್ಮ ಕೊನೆಯಲ್ಲಿ ಪಿನ್ನು ತೆಗೆದು ನಕ್ಕಳು.

"ಯಾವ ಕತ್ತರಿ? ಕಪ್ಪು ಹಿಡಿ ಇರೋದಾ?"

"ಅದೇ."

"ಹಾಗಾದ್ರೆ ಕತ್ತರಿಸ್ತಿರಲಿಲ್ಲ ಬಿಡು. ಅದರಲ್ಲಿ ಕಾಗದ ಕತ್ತರಿಸಿದೆ ಅಂತ ಚಿಕ್ಕವಳಿದ್ದಾಗ ನನ್ನ ಬೆನ್ನು ಮುರಿದಿದ್ದಾಳೆ. ವೈರು ಕತ್ತರಿಸಿ ಮೊನೆ ಹಾಳು ಮಾಡ್ಕೊಳ್ಳೋಳಲ್ಲ ನಮ್ಮಕ್ಕ."

ನಮ್ಮಕ್ಕ ಎಂದದ್ದು ಅವಳಿಗೇ ಕೇಳಿಸಿತೇನೋ, ಮತ್ತೆ ಕನ್ನಡಿಯ ಕಡೆ ತಿರುಗಿದಳು. ಭಾವ ನಿಜವಾಗಿಯೂ ಬೇಡ ಎಂದರಾ ಎಂದು ಕೇಳಿದಳು. ಸ್ಪಷ್ಟವಾಗಿ ಅಂದರಾ, ಬಿಡಿಸಿ ಬಿಡಿಸಿ ಅಂದರಾ ಎಂದು ಕೇಳಿದಳು. ಹೊರಡುವಾಗ, ಪೆಟ್ಟಿಗೆ ಮಾತ್ರ ಇದ್ದಲ್ಲೇ ಇರಲಿ ಎಂದಳು.

ಪಾರಿವಾಳದ ತಾತ ಗೂಡುಗಳ ಮುಂದೆ ಮಣೆ ಹಾಕಿಕೊಂಡು ಕಾಳು ಚೆಲ್ಲುತ್ತಿದ್ದ. ಹಿಂದೆ ಇದೇ ಕೆಲಸಕ್ಕೆ ಬಂದಿದ್ದ ಮೈದುನನನ್ನು ಪೊರಕೆ ಹಿಡಿದು ಓಡಿಸಿದ್ದ ಆಸಾಮಿ. ನೆಟ್ಟಕ್ಕ ಅವನ ಪಕ್ಕ ನೆಲದ ಮೇಲೆ ಕೂತು ವಿಷಯವನ್ನೆಲ್ಲ ಹೇಳಿದಳು, ಸಹೋದರಿಯರದ್ದು ಬಿಟ್ಟು. ತಾತ ಇನ್ನೊಂದು ಹಿಡಿ ಕಾಳು ಚೆಲ್ಲಿದ. ವೈರು ಹಕ್ಕಿಗೆ ಕಾಣುವುದಿಲ್ಲ, ರೆಕ್ಕೆ ಮುರಿಯುತ್ತದೆ ಎಂದ. ಅವನ ತಕರಾರು ಇಷ್ಟೇ ಆಗಿತ್ತು. ಇಷ್ಟು ವರ್ಷ ಯಾರೂ ಯಾಕೆಂದು ಕೇಳಿರಲಿಲ್ಲ, ಅವನೂ ಹೇಳಿರಲಿಲ್ಲ. ಬಣ್ಣದ ಚಿಂದಿ ಕಟ್ಟಿದರೆ ಕಾಣುತ್ತದಲ್ಲ ಎಂದಳು ನೆಟ್ಟಕ್ಕ. ಕಟ್ಟುವವರು ಯಾರು ಎಂದ ತಾತ. ಗೆದ್ದ ಹುಡುಗಿಯರು ಎಂದಳು.

"ಆ ಕುಳ್ಳಿ ಬರ್ತಾಳಾ? ಕೊನೇ ಹೊಡೆತ ಚೆನ್ನಾಗಿತ್ತು," ಎಂದ ತಾತ. ಒಪ್ಪಿಗೆ ಸಿಕ್ಕಂತಾಯಿತು.

ಬೆಳಗಾಗುತ್ತಲೇ ಬೀದಿಯಲ್ಲಿ ಮದುವೆ ಮನೆಯ ಗಲಾಟೆ. ಹುಡುಗಿಯರು ಹಿಂದಿನ ದಿನದ ಅಂಗಿಯಲ್ಲೇ ಬಂದಿದ್ದರು, ತೊಳೆಯಲು ಯಾರಿಗೂ ಮನಸ್ಸಾಗಿರಲಿಲ್ಲ. ಮೈದುನ ಆ ತಾರಸಿಯಿಂದ ಹಗ್ಗ ಎಸೆದ, ಇವರು ಈ ತಾರಸಿಯಲ್ಲಿ ಹಿಡಿದರು, ಹಗ್ಗದ ಹಿಂದೆ ವೈರು ಬಂತು. ಟೈಲರಮ್ಮ ಕೆಳಗಿನಿಂದ ಚಿಂದಿಯ ಚೀಲವೊಂದನ್ನು ತಂದು ನೆಟ್ಟಕ್ಕನ ಕಾಲ ಬಳಿ ಇಟ್ಟಳು. ಮಂಡಿಯ ಮೇಲೆ ಕೈ ಊರಿ ಕಿಂಡಿಯಿಂದ ತಂಗಿಯ ತಾರಸಿಯನ್ನು ಒಮ್ಮೆ ನೋಡಿದಳು.

"ಪೆಟ್ಟಿಗೆಗೆ ಹಾಲಿನ ಕವರು ಕಟ್ಟಿದ್ದಾಳೆ. ಮಳೆ ತಡೆಯುತ್ತಾ ಅದು? ಏನು ಕೆಲಸಾನೋ," ಎಂದು ಯಾರಿಗೋ ಹೇಳುವಂತೆ ಹೇಳಿ ಇಳಿದು ಹೋದಳು.

ಹಳೆಯ ವೈರನ್ನು ಬಿಚ್ಚಿ ಗಂಟು ಕಟ್ಟುತ್ತಿದ್ದ ಮೈದುನನಿಗೆ ನೆಟ್ಟಕ್ಕ, ಸುತ್ತಿ ಅಲ್ಲೇ ಟ್ಯಾಂಕಿನ ಹಿಂದೆ ಇಡು ಎಂದಳು. ತಂದ ವೈರನ್ನು ಅತ್ತಿಗೆ ಒಂದು ಗೇಣೂ ಬಿಟ್ಟು ಹೋಗುವವಳಲ್ಲ. ಅವನು ಅವಳ ಮುಖ ನೋಡಿದ, ಹೇಳಿದಂತೆ ಮಾಡಿದ.

ಹತ್ತಕ್ಕೆ ಮುಂಚೆಯೇ ಎಲ್ಲ ಸಜ್ಜಾಯಿತು. ಹೊಲಿಗೆ ಯಂತ್ರದ ಪಕ್ಕದ ಮೇಜಿಗೆ ಫೋನನ್ನು ಒರಗಿಸಿ ಇಟ್ಟದ್ದಾಯಿತು. ಮೇಡಂ ಬಂದರು, ಬೇಡ ಎಂದದ್ದನ್ನು ಕೇಳಿ ಚಪ್ಪಾಳೆ ತಟ್ಟಿದರು, ಡ್ರೈವರು ನಾಚಿದ. ನೆಟ್ಟಕ್ಕ, ಮೈದುನ ಬಾಗಿಲ ಬಳಿಯೇ ನಿಂತಿದ್ದರು. ಹೊಸ ವೈರು, ಒಂದು ಗಳಿಗೆ ನೋಡಿಯೇ ಹೋಗುವುದು ಅವರ ರೂಢಿ. ಮೇಡಂ ಒಂದು ಚಿತ್ರ ಹಿಡಿದರು. ಬಸ್ಸಿನ ಚಿತ್ರ. ಡ್ರೈವರ ಮುಖದ ಬಣ್ಣವೇ ಬೇರೆಯಾಯಿತು. ಎಡಗೈ ತಾನಾಗಿ ಸ್ಟಿಯರಿಂಗ್ ಹಿಡಿದಂತೆ ಬಾಗಿತು. "ಬ" ಎಂದ. ಇನ್ನೊಮ್ಮೆ "ಬ" ಎಂದ.

ಮೇಲಿನ ಫ್ಯಾನು ನಿಂತಿತು. ಆ ಹೊತ್ತಿಗೆ ಕರೆಂಟು ಹೋಗುವುದು ಆ ಬಡಾವಣೆಯಲ್ಲಿ ದಿನದ ಪಾಡು. ಪರದೆಯ ಮೇಲೆ ಮೇಡಂ ಬಾಯಿ ತೆರೆದುಕೊಂಡು ಹಾಗೇ ನಿಂತುಬಿಟ್ಟರು. ಡ್ರೈವರು ಕಾದ. ಅವರು ಅಲುಗಲಿಲ್ಲ. ನಾಲಿಗೆಯ ತುದಿಗೆ ಬಂದಿದ್ದ ಮಾತು ಎತ್ತಲೋ ಹೋಯಿತು. ಅದು ಹೋದದ್ದು ಅವನ ಮುಖದಲ್ಲಿ ಎಲ್ಲರಿಗೂ ಕಂಡಿತು. ಸರಿಯಿದ್ದ ಕೈಯಿಂದ ಅವನು ತನ್ನ ತೊಡೆಗೆ ಹೊಡೆದುಕೊಂಡ, ಮತ್ತೆ ಹೊಡೆದುಕೊಂಡ.

ಟೈಲರಮ್ಮ ಆ ಕೈಯನ್ನು ಹಿಡಿದಳು. ಅಳತೆಯ ರಟ್ಟೊಂದನ್ನು ಎಳೆದುಕೊಂಡು ಅವನಿಗೆ ಗಾಳಿ ಬೀಸತೊಡಗಿದಳು. ಬೀಸುತ್ತಲೇ ನೆಟ್ಟಕ್ಕನನ್ನು ಕೇಳಿದಳು, "ಮುಂಚೆ ಕರೆಂಟು ಹೋದ್ರೂ ಪಾಠ ನಿಲ್ತಿರಲಿಲ್ಲವಲ್ಲ? ನಮ್ಮನೇಲಿ ನೀನು ಕೊಟ್ಟ ಬ್ಯಾಟರಿ ಇದೆ. ಈಗೇನಾಯ್ತು?"

ನೆಟ್ಟಕ್ಕನಿಗೆ ಬಿಸಿ ತುಪ್ಪ ಬಾಯಲ್ಲಿಟ್ಟಂತಾಯಿತು. ನಿನ್ನೆ ಬಾಯಿ ಜಾರಿ ಆಡಿದ್ದಳು. ಇವತ್ತು ಆಡುವುದಾದರೆ ತಿಳಿದೇ ಆಡಬೇಕು. ಡ್ರೈವರ ಮುಖ ನೋಡಿದಳು. ಆಡಿದಳು.

"ಹಾಲಿನ ಅಂಗಡಿಗೂ ಮೇಷ್ಟ್ರ ಮನೆಗೂ ಬ್ಯಾಟರಿ ಇದೆ, ತಾತನ ಮನೆ ಪೆಟ್ಟಿಗೆಗೆ ಇಲ್ಲ ಅಕ್ಕಾ. ನರ್ಸಮ್ಮನ ಮನೇಲಿತ್ತು. ಅವರ ಸ್ವಂತದ್ದು, ಹಳೇದು, ಒಂದು ಫ್ಯಾನು ತಿರುಗಿಸೋದೇ ಅದಕ್ಕೆ ಹೆಚ್ಚು. ಪಾಠದ ಹೊತ್ತಿಗೇ ಕರೆಂಟು ಹೋಗುತ್ತೆ ಅಂತ ತಿಳಿದ ಮೇಲೆ ಅವರು ಫ್ಯಾನಿನ ತಂತಿ ಬಿಚ್ಚಿಸಿ ಪೆಟ್ಟಿಗೆಗೆ ಹಾಕಿಸಿದ್ರು. ನಾನು ಬೇಡ ಅಂದೆ, ಕೇಳಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಂದು ಈ ಹೊತ್ತಲ್ಲೇ ಅವರು ಮಲಗೋದು."

ಟೈಲರಮ್ಮನ ಕೈಯಲ್ಲಿದ್ದ ರಟ್ಟು ನಿಂತಿತು. ಕೋಣೆ ಕುದಿಯುತ್ತಿತ್ತು. ಡ್ರೈವರ ಹಣೆಯಿಂದ ಬೆವರು ಇಳಿಯಿತು, ಅವಳು ಸೆರಗಿನಿಂದ ಅದನ್ನು ಒರೆಸಿದಳು, ತನ್ನ ಕತ್ತನ್ನೂ ಒರೆಸಿಕೊಂಡಳು. ಹಿಂಬದಿಯ ಗೋಡೆಯನ್ನು ನೋಡಿದಳು. ಆ ಗೋಡೆಯ ಆಚೆ ಒಬ್ಬಳು ಮಲಗಿದ್ದಳು. ಟೈಲರಮ್ಮನಿಗೆ ಅಳು ಬಂತು, ಈ ಸಲ ಅದರ ಮೇಲೆ ಸಿಟ್ಟು ಬರಲಿಲ್ಲ.

"ಹಳೇದನ್ನ ಹಾಕು," ಎಂದಳು.

ಮೈದುನ ಮೆಟ್ಟಿಲನ್ನು ಎರಡೆರಡಾಗಿ ಹಾರಿ ಮೇಲೆ ಹೋದ. ಟ್ಯಾಂಕಿನ ಹಿಂದೆ ಸುತ್ತಿಟ್ಟಿದ್ದದ್ದು ಕೈಗೆ ಸಿಗುವಂತೆಯೇ ಇತ್ತು. ಕೆಳಗೆ ಮೇಡಂ ಬಾಯಿ ಮುಚ್ಚಿ, ಕಣ್ಣು ಪಿಳುಕಿಸಿ, ಕೇಳಿಸ್ತಾ ಇದೆಯಾ ಎಂದರು. ಬಸ್ಸಿನ ಚಿತ್ರ ಮತ್ತೆ ಮೇಲೆ ಬಂತು. ಡ್ರೈವರು ಸ್ಟಿಯರಿಂಗ್ ಹಿಡಿದ. ಮಾತು ಬರಲು ಬಹಳ ಹೊತ್ತು ಹಿಡಿಯಿತು, ಆದರೆ ಬಂತು. ಟೈಲರಮ್ಮ ಅಳುತ್ತಲೇ ನಕ್ಕು, ಯಾವ ಊರಿಗೆ ಹೋಗುತ್ತದಪ್ಪ ಈ ಬಸ್ಸು ಎಂದಳು.

ಹೊಸ ವೈರನ್ನೂ ನೆಟ್ಟಕ್ಕ ತೆಗೆಯಲಿಲ್ಲ. ಒಂದು ಹೋದರೆ ಇನ್ನೊಂದು ಇರಲಿ ಎಂದು ಎರಡನ್ನೂ ಉಳಿಸಿಕೊಂಡಳು. ತಾತನ ಪಾರಿವಾಳಗಳು ಬಣ್ಣದ ಚಿಂದಿಗಳಿಗೆ ಒಗ್ಗಿಕೊಂಡವು. ಟೈಲರಮ್ಮ ಆ ವಿಷಯವನ್ನು ಮತ್ತೆ ಎತ್ತಲಿಲ್ಲ, ನೆಟ್ಟಕ್ಕನೂ ಕೆದಕಲಿಲ್ಲ. ಯಾರ ಮನೆಯಿಂದ ಯಾರ ಮನೆಗೆ ಏನು ಹೋಗುತ್ತದೆ ಎಂದು ಕೇಳುವುದು ಅವಳ ಕೆಲಸವೂ ಅಲ್ಲ.

ಮಳೆ ಹಿಡಿಯುವ ಮುನ್ನ ಅವಳು ಪೆಟ್ಟಿಗೆಗಳನ್ನೆಲ್ಲ ಒಮ್ಮೆ ನೋಡಿಕೊಂಡು ಬರುತ್ತಾಳೆ. ಅದುವರೆಗೆ ಅವಳ ಬಳಿ ಇದ್ದ ದೊಡ್ಡ ಬ್ಯಾಟರಿಗಳೆಲ್ಲ ಆಸ್ಪತ್ರೆಗೂ ವಾಚನಾಲಯಕ್ಕೂ ಹೋಗಿಬಿಟ್ಟಿದ್ದವು. ಈಗ ಒಂದು ಬಂದಿತ್ತು. ಮೈದುನನೊಂದಿಗೆ ಅದನ್ನು ಹೊತ್ತುಕೊಂಡು ನರ್ಸಮ್ಮನ ತಾರಸಿಗೆ ಹತ್ತಿದಳು. ಇನ್ನು ಆ ಮನೆಯ ಫ್ಯಾನು ಆ ಮನೆಗೇ.

ಮೂಲೆಯಲ್ಲಿ ಹಾಲಿನ ಕವರು ಇರಲಿಲ್ಲ. ಪೆಟ್ಟಿಗೆಗೆ ಕಂದು ರೆಕ್ಸಿನ್ನಿನ ಗವಸು ಹಾಕಿತ್ತು. ಅಂಚಿಗೆ ಪಟ್ಟಿ ಕೊಟ್ಟು ಎರಡು ಸಾಲು ಹೊಲಿಗೆ. ವೈರು ಒಳಗೆ ಹೋಗುವ ಕಡೆ ಅಂಗಿಗೆ ಹಾಕುವಂಥ ಕಾಜ, ನೀರು ಇಳಿಯದಂತೆ ಅದರ ಮೇಲೊಂದು ಪುಟ್ಟ ಮುಚ್ಚಳ. ಎಲ್ಲೂ ಒಂದು ನೆರಿಗೆ ಇಲ್ಲ, ಒಂದೆಳೆ ಬಿಗಿಯಿಲ್ಲ. ಅಳತೆಗೆ ಸರಿಯಾಗಿ ಕೂತಿತ್ತು.

"ಅತ್ತಿಗೆ, ಇದನ್ನ ಯಾರು ಹೊಲಿದಿದ್ದು?" ಎಂದ ಮೈದುನ.

"ಯಾರೋ. ನೀನು ಆ ಕಡೆ ಹಿಡಿ."

ಪೆಟ್ಟಿಗೆಯ ಪಕ್ಕದ ಗೋಡೆಯ ಮೇಲೆ, ಅಗಲಕ್ಕೊಂದು ಎತ್ತರಕ್ಕೊಂದು, ಟೈಲರು ಬಳಸುವ ನೀಲಿ ಸೀಮೆಸುಣ್ಣದ ಗೆರೆಗಳಿದ್ದವು. ಅವು ಅಳಿಸದಂತೆ, ಸ್ವಲ್ಪ ದೂರಕ್ಕೆ ಸರಿದು, ನೆಟ್ಟಕ್ಕ ಬ್ಯಾಟರಿಯನ್ನು ಮೆಲ್ಲಗೆ ಕೆಳಗಿಟ್ಟಳು.